ಎಂಟು ಸ್ಥಾನ, ನಾಲ್ಕು ಮನೆತನ

ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಕುಟುಂಬ ರಾಜಕಾರಣದ ಮಾತೆತ್ತಿದರೆ ಸಾಕು, ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷದವರ ಬಾಯಲ್ಲಿ ಒಂದೇ ಉತ್ತರ: ‘ಜನರೇ ಆರಿಸಿ ಕಳಿಸ್ಯಾರ, ನಿಮಗೇನ್ ತ್ರಾಸು?’ 2024ರ ಜೂನ್ 4ರಂದು ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ 90,834 ಮತಗಳ ಅಂತರದಿಂದ ಗೆದ್ದಾಗಿನಿಂದ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ತ್ರಾಸು ಇದೆ. ಏನು ತ್ರಾಸೆಂದು ಲೆಕ್ಕ ಇಟ್ಟೇ ಹೇಳುತ್ತೇನೆ.

2008ರ ಮರುವಿಂಗಡಣೆಯಲ್ಲಿ ಚಿಕ್ಕೋಡಿ ಮೀಸಲು ಕ್ಷೇತ್ರಗಳ ಪಟ್ಟಿಯಿಂದ ಹೊರಬಂದು ಸಾಮಾನ್ಯ ಕ್ಷೇತ್ರವಾಯಿತು. ಆಮೇಲೆ ನಾಲ್ಕು ಚುನಾವಣೆಗಳಾಗಿವೆ. 2009ರಲ್ಲಿ ಗೆದ್ದವರು ರಮೇಶ ಕತ್ತಿ, ಸೋತವರು ಪ್ರಕಾಶ ಹುಕ್ಕೇರಿ. 2014ರಲ್ಲಿ ಅದೇ ಹುಕ್ಕೇರಿಯವರು ಅದೇ ಕತ್ತಿಯವರನ್ನು ಬರೀ 3,003 ಮತಗಳಿಂದ ಸೋಲಿಸಿದರು. 2019ರಲ್ಲಿ ಗೆದ್ದವರು ಅಣ್ಣಾಸಾಹೇಬ ಜೊಲ್ಲೆ, ಅಂತರ 1,18,877; ಸೋತವರು ಮತ್ತೆ ಹುಕ್ಕೇರಿ. 2024ರಲ್ಲಿ ಜಾರಕಿಹೊಳಿ ಗೆದ್ದರು, ಜೊಲ್ಲೆ ಸೋತರು. ಮೊದಲ ಎರಡು ಸ್ಥಾನಗಳನ್ನಷ್ಟೇ ಹಿಡಿದರೆ ನಾಲ್ಕು ಚುನಾವಣೆಗೆ ಎಂಟು ಸ್ಥಾನ. ಆ ಎಂಟರಲ್ಲಿ ಒಂದೂ ನಾಲ್ಕು ಮನೆತನಗಳ ಹೊಸ್ತಿಲು ದಾಟಿಲ್ಲ. ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ ಎಂಬ ಎಂಟು ವಿಧಾನಸಭಾ ಕ್ಷೇತ್ರ, ಹದಿನೇಳು ಲಕ್ಷ ಮತದಾರರು. ಇಷ್ಟು ಜನರಲ್ಲಿ ದೆಹಲಿಗೆ ಹೋಗಲು ಯೋಗ್ಯರಾದವರು ನಾಲ್ಕೇ ಮನೆಗಳಲ್ಲಿ ಹುಟ್ಟಿದರೇ?

ಗೆದ್ದ ನಾಲ್ವರೂ ಮನೆಯಲ್ಲಿ ಕುರ್ಚಿ ಇಟ್ಟುಕೊಂಡೇ ಇನ್ನೊಂದು ಕುರ್ಚಿಗೆ ಬಂದವರು. ರಮೇಶ ಕತ್ತಿಯವರ ಅಣ್ಣ, ದಿವಂಗತ ಉಮೇಶ ಕತ್ತಿ ಆಗ ಹುಕ್ಕೇರಿಯ ಶಾಸಕರು, ಮಂತ್ರಿಗಳಾಗಿದ್ದರು. ಪ್ರಕಾಶ ಹುಕ್ಕೇರಿ ಸಂಸದರಾಗಿ ದೆಹಲಿಗೆ ಹೋದ ಕೆಲವೇ ತಿಂಗಳಲ್ಲಿ, ಅವರು ಬಿಟ್ಟ ಚಿಕ್ಕೋಡಿ-ಸದಲಗಾಕ್ಕೆ ಉಪಚುನಾವಣೆಯಲ್ಲಿ ಮಗ ಗಣೇಶ ಹುಕ್ಕೇರಿ ಬಂದರು. ಅಣ್ಣಾಸಾಹೇಬರ ಪತ್ನಿ ಶಶಿಕಲಾ ಜೊಲ್ಲೆ 2013ರಿಂದ ನಿಪ್ಪಾಣಿಯ ಶಾಸಕಿ. ಪ್ರಿಯಾಂಕಾ ಅವರ ತಂದೆ ಸತೀಶ ಜಾರಕಿಹೊಳಿ ಯಮಕನಮರಡಿಯ ಶಾಸಕರು, ಲೋಕೋಪಯೋಗಿ ಸಚಿವರು, ಬೆಳಗಾವಿಯ ಉಸ್ತುವಾರಿ ಸಚಿವರು. ದೊಡ್ಡಪ್ಪ ರಮೇಶ, ಚಿಕ್ಕಪ್ಪ ಬಾಲಚಂದ್ರ ಬಿಜೆಪಿ ಶಾಸಕರು. ಇನ್ನೊಬ್ಬ ಚಿಕ್ಕಪ್ಪ ಲಖನ್ ಪಕ್ಷೇತರರಾಗಿ ವಿಧಾನ ಪರಿಷತ್ತಿನಲ್ಲಿದ್ದಾರೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಆ ಮನೆಯ ದೀಪ ಆರುವುದಿಲ್ಲ.

‘ಜನರೇ ಆರಿಸಿದರು’ ಎನ್ನುವವರು ಜನರ ಮುಂದೆ ಇಟ್ಟದ್ದೇನೆಂದು ಹೇಳುವುದಿಲ್ಲ. ಮತಯಂತ್ರದ ಮೇಲೆ ಯಾರ ಹೆಸರು ಬರಬೇಕೆಂದು ತೀರ್ಮಾನವಾಗುವ ದಿನ ಚಿಕ್ಕೋಡಿಯ ಮತದಾರನನ್ನು ಯಾರೂ ಕೇಳಿಲ್ಲ. ಆ ತೀರ್ಮಾನ ಮನೆಯ ಪಡಸಾಲೆಯಲ್ಲಿ ಆಗುತ್ತದೆ, ಬೆಂಗಳೂರಿನಲ್ಲಿ ಮುದ್ರೆ ಬೀಳುತ್ತದೆ, ದೆಹಲಿಯಲ್ಲಿ ಪಟ್ಟಿ ಹೊರಬೀಳುತ್ತದೆ.

ಈ ಮನೆಗಳಿಗೆ ಈ ಬಲ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಕಬ್ಬಿನ ಹೊಲಕ್ಕೆ ಬರಬೇಕು. ಕೃಷ್ಣಾ, ದೂಧಗಂಗಾ, ವೇದಗಂಗಾ, ಹಿರಣ್ಯಕೇಶಿ ಹರಿಯುವ ಈ ನೆಲದಲ್ಲಿ ರೈತನ ಜೀವ ಇರುವುದು ಕಾರ್ಖಾನೆಯ ಕೈಯಲ್ಲಿ. ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್ ಕತ್ತಿ ಮನೆತನದ್ದು. ಸತೀಶ ಶುಗರ್ಸ್ ಯಾರದೆಂದು ಅದರ ಹೆಸರೇ ಹೇಳುತ್ತದೆ. ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆ ಜೊಲ್ಲೆಯವರ ಹಿಡಿತದಲ್ಲಿದೆ. ಕಬ್ಬು ಕಡಿಯುವ ಪಾಳಿ ತಿಂಗಳು ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ಮುಂದಿನ ಬೆಳೆಯ ಹಂಗಾಮು ತಪ್ಪುತ್ತದೆ. ಬೆಳೆಸಾಲ ಊರಿನ ಕೃಷಿ ಪತ್ತಿನ ಸಹಕಾರ ಸಂಘದಿಂದ (ಪಿಕೆಪಿಎಸ್), ಪಿಕೆಪಿಎಸ್‌ಗೆ ಹಣ ಜಿಲ್ಲೆಯ ಡಿಸಿಸಿ ಬ್ಯಾಂಕಿನಿಂದ. ಆ ಡಿಸಿಸಿ ಬ್ಯಾಂಕಿಗೆ ವರ್ಷಗಟ್ಟಲೆ ಅಧ್ಯಕ್ಷರಾಗಿದ್ದವರು ಇದೇ ರಮೇಶ ಕತ್ತಿ. ಇಲ್ಲಿ ಯಾರೂ ಯಾರನ್ನೂ ಹೆದರಿಸಬೇಕಾಗಿಲ್ಲ. ಎರಡೆಕರೆ ಕಬ್ಬಿನವನು ಸಾಲ, ಪಾಳಿ, ಬಿಲ್ಲು ಮೂರಕ್ಕೂ ಅದೇ ಬಾಗಿಲುಗಳ ಮುಂದೆ ನಿಲ್ಲಬೇಕಾದಾಗ ಮತ ಹಾಕುವ ದಿನ ಅವನೊಬ್ಬನೇ ಆ ಕೋಣೆಯೊಳಗೆ ಹೋಗುವುದಿಲ್ಲ. ‘ಸಾಹುಕಾರ್ರು ಹೇಳಿದ್ರ ಮುಗೀತು’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದು ಭಕ್ತಿಯಿಂದಲ್ಲ, ಬದುಕಬೇಕಲ್ಲ ಎಂದು.

ಹಾಗಾದರೆ ಪಕ್ಷಗಳಿಗೆ ಇಲ್ಲಿ ಅರ್ಥವೇನು? ಅಥಣಿಯನ್ನು ನೋಡಿ. 2018ರಲ್ಲಿ ಲಕ್ಷ್ಮಣ ಸವದಿ ಬಿಜೆಪಿ, ಮಹೇಶ ಕುಮಠಳ್ಳಿ ಕಾಂಗ್ರೆಸ್. 2023ರಲ್ಲಿ ಸವದಿ ಕಾಂಗ್ರೆಸ್, ಕುಮಠಳ್ಳಿ ಬಿಜೆಪಿ. ಕಾಗವಾಡದಲ್ಲಿ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶ್ರೀಮಂತ ಪಾಟೀಲ ಮರುವರ್ಷವೇ ಬಿಜೆಪಿ. ಬಿಜೆಪಿಯಲ್ಲಿದ್ದ ರಾಜು ಕಾಗೆ ಅದೇ ಹೊತ್ತಿಗೆ ಕಾಂಗ್ರೆಸ್. ಜೋಡಿ ಅದೇ, ಕಣ ಅದೇ, ಬದಲಾದದ್ದು ಹೆಗಲ ಮೇಲಿನ ಶಾಲಿನ ಬಣ್ಣ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಈ ಎರಡೂ ಊರಿನ ಜನ ಅದೇ ಮುಖಗಳಿಗೆ ಇನ್ನೊಂದು ಗುರುತಿನ ಮೇಲೆ ಮತ ಒತ್ತಬೇಕಾಯಿತು. ಇದಕ್ಕಾಗಿ ಕೃಷ್ಣೆಯ ದಂಡೆಯ ಕಾರ್ಯಕರ್ತರು ಊರೂರಲ್ಲಿ ಮಾತು ಬಿಟ್ಟು, ಬೀಗತನ ಮುರಿದುಕೊಂಡು ಕೂತಿದ್ದಾರೆ. ನನ್ನ ಸಿಟ್ಟು ಹೆಚ್ಚಿರುವುದು ಇಲ್ಲಿಯೇ. ಮೇಲಿನವರು ಬೇಕಾದಾಗ ಒಂದಾಗುತ್ತಾರೆ. ಕೆಳಗಿನವನು ಅಣ್ಣತಮ್ಮಂದಿರ ಮುಖ ನೋಡದೆ ವರ್ಷ ಕಳೆಯುತ್ತಾನೆ.

ಇನ್ನು ಪಕ್ಷಗಳ ಮಾತು. ಕಾಂಗ್ರೆಸ್ 2022ರ ಮೇ ತಿಂಗಳಲ್ಲಿ ಉದಯಪುರದಲ್ಲಿ ಕೂತು ‘ಒಂದು ಕುಟುಂಬಕ್ಕೆ ಒಂದೇ ಟಿಕೆಟ್’ ಎಂದು ಘೋಷಿಸಿತು. ಐದು ವರ್ಷ ಪಕ್ಷದಲ್ಲಿ ದುಡಿದವರಿಗೆ ವಿನಾಯಿತಿ ಎಂದು ಅದೇ ಘೋಷಣೆಯಲ್ಲಿ ಹಿಂಬಾಗಿಲನ್ನೂ ತೆರೆಯಿತು. ಎರಡೇ ವರ್ಷದಲ್ಲಿ ಕರ್ನಾಟಕದಲ್ಲಿ ಅದರ ಪಟ್ಟಿ ಬಂದಾಗ ಚಿಕ್ಕೋಡಿಗೆ ಸಚಿವರ ಮಗಳು, ಬೆಳಗಾವಿಗೆ ಸಚಿವೆಯ ಮಗ, ಬಾಗಲಕೋಟೆಗೆ ಸಚಿವರ ಮಗಳು, ಬೀದರಿಗೆ ಸಚಿವರ ಮಗ, ಬೆಂಗಳೂರು ದಕ್ಷಿಣಕ್ಕೆ ಸಚಿವರ ಮಗಳು, ಚಾಮರಾಜನಗರಕ್ಕೆ ಸಚಿವರ ಮಗ, ದಾವಣಗೆರೆಗೆ ಸಚಿವರ ಪತ್ನಿ. ಬಿಜೆಪಿಯೇನು ಕಡಿಮೆಯಲ್ಲ. ಕೆಂಪುಕೋಟೆಯಿಂದ ಪರಿವಾರವಾದದ ವಿರುದ್ಧ ಗುಡುಗುವ ಪಕ್ಷ ಚಿಕ್ಕೋಡಿಯಲ್ಲಿ ಗಂಡ-ಹೆಂಡತಿಗೆ ಒಂದೊಂದು ಟಿಕೆಟ್ ಕೊಟ್ಟಿತು, ದಾವಣಗೆರೆಯಲ್ಲಿ ಸಂಸದರ ಹೆಸರು ತೆಗೆದು ಅವರ ಪತ್ನಿಯ ಹೆಸರು ಹಾಕಿತು. ರಾಜಕೀಯದ ನಂಟಿಲ್ಲದ ಮನೆಗಳಿಂದ ಒಂದು ಲಕ್ಷ ಯುವಕರು ಬರಬೇಕೆಂದು ಪ್ರಧಾನಿ 2024ರ ಆಗಸ್ಟ್ 15ರಂದು ಕರೆಕೊಟ್ಟರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಟಿಕೆಟ್ ಹಂಚುವಾಗ ಚಿಕ್ಕೋಡಿಯಲ್ಲಿ ಅಂಥ ಒಬ್ಬರನ್ನಾದರೂ ಹುಡುಕುವುದು ಅವರ ಪಕ್ಷಕ್ಕೆ ಬೇಡವಾಗಿತ್ತೇ?

ಪರಿಶಿಷ್ಟ ಪಂಗಡದ ತರುಣಿ ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದದ್ದನ್ನು ಸಹಿಸಲಾರದೆ ಈ ಮಾತಾಡುತ್ತೀರಿ ಎಂಬ ಆರೋಪವೂ ಇದೆ. ಆ ಗೆಲುವಿನ ಸಾಮಾಜಿಕ ತೂಕ ನನಗೆ ಗೊತ್ತು. ಆದರೆ ಅದೇ ಚುನಾವಣೆಯಲ್ಲಿ ಶಂಭು ಕಲ್ಲೋಳಿಕರ್ ಎಂಬ ನಿವೃತ್ತ ಐಎಎಸ್ ಅಧಿಕಾರಿ ಪಕ್ಷೇತರರಾಗಿ ನಿಂತಿದ್ದರು. ದಲಿತ ಸಮುದಾಯದವರು, ಹಿಂದಿನ ವರ್ಷ ರಾಯಬಾಗದಲ್ಲಿ ಶಾಸಕ ದುರ್ಯೋಧನ ಐಹೊಳೆಯವರನ್ನು ಸೋಲಿನ ಅಂಚಿನವರೆಗೆ ಅಟ್ಟಿದವರು. ಲೋಕಸಭೆಯಲ್ಲಿ ಅವರಿಗೆ ಸಿಕ್ಕದ್ದು ಇಪ್ಪತ್ತೈದು ಸಾವಿರದಷ್ಟು ಮತ. ಓದು, ಅನುಭವ, ಸಮುದಾಯ ಎಲ್ಲ ಇದ್ದೂ ಅವರಿಗಿಲ್ಲದ್ದು ಒಂದೇ, ಮನೆತನ. ಈ ಕ್ಷೇತ್ರ 1996ರಲ್ಲೇ ಬೇರೆ ದಾರಿ ತೋರಿಸಿತ್ತು. 1967ರಿಂದ ಏಳು ಸಲ ಸತತವಾಗಿ ಗೆದ್ದ ಬಿ. ಶಂಕರಾನಂದರಂಥ ಹಿರಿಯ ಕೇಂದ್ರ ಮಂತ್ರಿಯನ್ನು ಜನತಾದಳದ ರತ್ನಮಾಲಾ ಸವಣೂರ ಸೋಲಿಸಿದರು. ಆಗ ಚಿಕ್ಕೋಡಿ ಮೀಸಲು ಕ್ಷೇತ್ರ. ಅದು ಎಲ್ಲರದ್ದೂ ಆದ ಮೇಲೆ ನಾಲ್ವರದ್ದಾಯಿತು.

ಈ ನಾಲ್ಕು ಮನೆಗಳು ಇಷ್ಟು ವರ್ಷದಲ್ಲಿ ತಂದದ್ದೇನು? ಜೆ.ಎಚ್. ಪಟೇಲರ ಸರ್ಕಾರ 1997ರಲ್ಲಿ ಚಿಕ್ಕೋಡಿ ಜಿಲ್ಲೆ ಘೋಷಿಸಿ ಹಿಂತೆಗೆದುಕೊಂಡಿತು. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ಜಿಲ್ಲೆಯ ಮಾತು, ಚುನಾವಣೆ ಮುಗಿದ ಮೇಲೆ ಮೌನ. ಶಾಲೆಗಳ ಮಟ್ಟಿಗೆ ಚಿಕ್ಕೋಡಿ ಬೇರೆ ಶೈಕ್ಷಣಿಕ ಜಿಲ್ಲೆ. ಜಿಲ್ಲಾಧಿಕಾರಿಯನ್ನು ಕಾಣಬೇಕಾದ ಅಥಣಿಯ ಮುದುಕ ಮಾತ್ರ ನೂರು ಕಿಲೋಮೀಟರು ದಾಟಿ ಬೆಳಗಾವಿಗೇ ಹೋಗಬೇಕು. ಹದಿನೆಂಟು ವಿಧಾನಸಭಾ ಕ್ಷೇತ್ರಗಳ ಜಿಲ್ಲೆಯಿದು. ಜಿಲ್ಲೆ ಮಾಡುವುದು ರಾಜ್ಯ ಸರ್ಕಾರದ ಕೆಲಸ, ಸಂಸದರದ್ದಲ್ಲ ಎಂದು ನುಣುಚಿಕೊಳ್ಳಲು ಇವರಿಗೆ ಬಾಯಿಲ್ಲ, ರಾಜ್ಯದ ಮಂತ್ರಿಗಿರಿಯೂ ಅದೇ ಮನೆಗಳಲ್ಲಿ ಓಡಾಡಿದೆ. ರೈಲು ಕೇಂದ್ರದ ಕೆಲಸವೇ ತಾನೇ? ಮೀರಜ್‌–ಹುಬ್ಬಳ್ಳಿ ಮಾರ್ಗದಲ್ಲಿ ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವಿದೆ, ಚಿಕ್ಕೋಡಿ ಪಟ್ಟಣಕ್ಕೆ ರೈಲಿಲ್ಲ. ನಿಪ್ಪಾಣಿಗಿಲ್ಲ, ಅಥಣಿಗಿಲ್ಲ. 2005, 2019, 2021ರಲ್ಲಿ ನದಿ ಊರೊಳಗೆ ನುಗ್ಗಿದಾಗ ದೋಣಿಗೆ ಕಾದು ಕೂತವರು ಇದೇ ಮತದಾರರು.

ಮುಂದಿನ ಲೋಕಸಭಾ ಚುನಾವಣೆಗೆ ಈಗಲೇ ಹೆಸರುಗಳು ಓಡಾಡುತ್ತಿವೆ, ಅವೇ ನಾಲ್ಕು ಮನೆಗಳ ಹೆಸರು. ನಮ್ಮ ಊರುಗಳಿಗೆ ಟಿಕೆಟ್ ಆಕಾಂಕ್ಷಿಗಳು ಬಂದಾಗ ಹಾರ ಹಾಕುವ ಮೊದಲು ಒಂದು ಪ್ರಶ್ನೆ ಕೇಳೋಣ: ನಿಮ್ಮ ಮನೆಯಲ್ಲಿ ಈಗ ಶಾಸಕರು, ಮಂತ್ರಿಗಳು, ಪರಿಷತ್ ಸದಸ್ಯರು, ಬ್ಯಾಂಕಿನ ಅಧ್ಯಕ್ಷರು, ಕಾರ್ಖಾನೆಯ ಮಾಲೀಕರು ಯಾರಿದ್ದಾರೆ? ಒಬ್ಬರಾದರೂ ಇದ್ದರೆ, ಲೋಕಸಭೆಯನ್ನು ಬೇರೆ ಮನೆಗೆ ಬಿಡಿ ಎಂದು ಅಲ್ಲಿಯೇ, ಮುಖಕ್ಕೇ ಹೇಳೋಣ. ಎರಡೂ ಪಕ್ಷಗಳ ಕಾರ್ಯಕರ್ತರು ತಮ್ಮ ತಮ್ಮ ವರಿಷ್ಠರಿಗೆ ಈ ಮಾತು ಬರೆದು ಕಳಿಸಬೇಕು, ಪಟ್ಟಿ ಹೊರಬೀಳುವ ಮೊದಲೇ.