ಕಾವೇರಿ ಕುಡಿಯುವವರೆಲ್ಲರಿಗೂ

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ ಎಡೆಬಿಡದ ಮಳೆ, ಕೆಸರುಗದ್ದೆಯ ನಾಟಿ. ಆ ನಂಬಿಕೆ ಈಗ ಉಳಿದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಯ ಬೆಟ್ಟಗಳು ಮನೆ-ತೋಟಗಳ ಸಮೇತ ಜಾರಿದವು. 2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿದು ಅರ್ಚಕರ ಕುಟುಂಬವನ್ನು ನುಂಗಿತು. 2023ರಲ್ಲಿ ಮುಂಗಾರೇ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್‌ಗಳ ಹಿಂದೆ ಓಡಿತು.

ಮಳೆ ನಮ್ಮ ಕೈಯಲ್ಲಿಲ್ಲ ಎಂದು ಕೈತೊಳೆದುಕೊಳ್ಳಬೇಡಿ. ಕಾಡು ಮಳೆಯನ್ನು ಹಿಡಿಯುವುದಷ್ಟೇ ಅಲ್ಲ, ಮುಂದಕ್ಕೂ ಕಳಿಸುತ್ತದೆ. ತಮಿಳುನಾಡಿನ ನೈಋತ್ಯ ಮುಂಗಾರಿನ ತೇವದಲ್ಲಿ ಶೇ. 25ರಿಂದ 40ರಷ್ಟು ಪಶ್ಚಿಮ ಘಟ್ಟದ ಹಸಿರೇ ಆವಿಯಾಗಿ ಬಿಟ್ಟದ್ದು ಎಂದು ಐಐಟಿ ಬಾಂಬೆಯ ವಿಜ್ಞಾನಿಗಳು 2018ರಲ್ಲಿ ಲೆಕ್ಕ ಹಾಕಿದರು. ಕಾವೇರಿ ನೀರಿಗಾಗಿ ಬಡಿದಾಡುವ ಎರಡೂ ರಾಜ್ಯಗಳು ಆ ಕಾಡಿನ ವಿಷಯದಲ್ಲಿ ಮಾತ್ರ ಮೌನವಾಗಿವೆ!

ಕಾಡು ಹೋದದ್ದು ಕೊಡಲಿಯಿಂದಷ್ಟೇ ಅಲ್ಲ, ಕಾನೂನಿನಿಂದಲೂ. ಕೊಡಗಿನ ಬಹಳಷ್ಟು ಹಿಡುವಳಿಗಳಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ಬೀಟೆ, ನಂದಿ, ಹೊನ್ನೆಯನ್ನು ತಲೆಮಾರುಗಟ್ಟಲೆ ಕಾದ ಬೆಳೆಗಾರನಿಗೆ ಅವನ್ನು ಮಾರುವ ಸ್ವಾತಂತ್ರ್ಯವಿಲ್ಲ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟರೆ ಅಂಥ ತೊಡಕಿಲ್ಲ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೂ ಆಸರೆ. ಬೆಳೆಗಾರ ಲೆಕ್ಕ ಬಲ್ಲವನು, ಅವನನ್ನು ದೂರಿ ಫಲವಿಲ್ಲ. ಹೀಗೆ ಕಾಫಿ ತೋಟದ ನೆರಳು ಒಂದೊಂದೇ ಮರವಾಗಿ ಬದಲಾಯಿತು. ಮಳೆನೀರು ನಿಂತು ಇಂಗುತ್ತಿದ್ದ ಗದ್ದೆಗಳು ಸೈಟುಗಳಾದವು. ಜೆಸಿಬಿ ಇಳಿಜಾರಿನ ಕಾಲನ್ನೇ ಕತ್ತರಿಸಿತು. ಬುಡ ಕಡಿದ ಗುಡ್ಡ ಜೋರು ಮಳೆಯ ನೀರು ಕುಡಿದು ಭಾರವಾದರೆ ಕುಸಿಯದೆ ಏನು ಮಾಡೀತು?

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಎಚ್ಚರಿಸಿತ್ತು. ಅದರ ವರದಿಯನ್ನು ಬದಿಗಿಟ್ಟೆವು. ಅದಕ್ಕಿಂತ ಮೆದುವಾದ ಕಸ್ತೂರಿರಂಗನ್ ವರದಿಯನ್ನೂ 2024ರ ಸೆಪ್ಟೆಂಬರಿನಲ್ಲಿ ನಮ್ಮ ಸಂಪುಟ ತಿರಸ್ಕರಿಸಿತು. ವಯನಾಡಿನ ಮಣ್ಣಿನಡಿ ನೂರಾರು ಜನ ಹೂತುಹೋಗಿ, ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು, ಆಗಿನ್ನೂ ಮೂರು ತಿಂಗಳೂ ಕಳೆದಿರಲಿಲ್ಲ.

ಕೊಡಗಿನವರೇ, ಗದ್ದೆಯ ಭೂಪರಿವರ್ತನೆಯ ಮಾತು ಬಂದಾಗ ಗ್ರಾಮಸಭೆಯಲ್ಲಿ ಎದ್ದುನಿಂತು ಬೇಡವೆನ್ನಿ. ದೇವರಕಾಡಿನ ಗಡಿ ಒತ್ತುವವನು ನೆಂಟನಾದರೂ ತಡೆಯಿರಿ. ಶಾಸಕರೇ, ಕಾಡುಮರ ಉಳಿಸಿದವನಿಗೆ ಆ ಮರದ ಮೇಲೆ ಹಕ್ಕು ಕೊಡಿ, ನಿಂತ ಮರಕ್ಕೂ ವರ್ಷವರ್ಷ ಹಣ ಕೊಡಿ. ಬೆಂಗಳೂರಿನವರೇ, ಬೆಟ್ಟ ಸೀಳಿ ಕಟ್ಟಿದ ರೆಸಾರ್ಟಿಗೆ ಹೋಗಬೇಡಿ. ನಿಮ್ಮ ನೀರಿನ ಬಿಲ್ಲಿಗೆ ಪಶ್ಚಿಮ ಘಟ್ಟಕ್ಕೆಂದು ಹಸಿರು ಸೆಸ್ ಸೇರಿಸುವ ಪ್ರಸ್ತಾಪವನ್ನು ಅರಣ್ಯ ಸಚಿವರು 2024ರಲ್ಲೇ ಮುಂದಿಟ್ಟಿದ್ದರು. ಅದು ಬೇಕೆಂದು ನೀವೇ ಕೇಳಿ. ಆ ಹಣ ಘಟ್ಟದ ಮರ ಕಾಯುವವರ ಕೈಗೇ ಸೇರಬೇಕೆಂದು ಪಟ್ಟು ಹಿಡಿಯಿರಿ.