ನಿರ್ವಾತಮಾಪಕವು ಅಳೆಯುವುದೇನನ್ನು?

ಒತ್ತಡವೆಂದರೆ ಏಕಮಾನ ಕ್ಷೇತ್ರದ ಮೇಲೆ ಬೀಳುವ ಬಲವೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ವಾಯುಭಾರಮಾಪಕವು ಈ ಬಲವನ್ನೇ ಪಾದರಸದ ಕಂಬದೊಡನೆ ತೂಗಿ 760 ಮಿಲಿಮೀಟರ್ ಎಂದು ತೋರಿಸುತ್ತದೆ. ಉಚ್ಚ ನಿರ್ವಾತದಲ್ಲಿ ಈ ಉಪಾಯ ಸಾಗದು. ಪಾದರಸದ ಒಂದು ಮಿಲಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಒತ್ತಡವನ್ನು ಊಹಿಸಿಕೊಳ್ಳಿರಿ. ಒಂದು ಚದರ ಮೀಟರ್ ವಿಸ್ತಾರದ ತಟ್ಟೆಯ ಮೇಲೆ ಅದು ಹೊರಿಸುವ ಭಾರ ಮಿಲಿಗ್ರಾಮಿನ ಸುಮಾರು ಏಳರಲ್ಲೊಂದು ಪಾಲು. ಇದನ್ನು ತೂಗುವ ತಕ್ಕಡಿಯನ್ನು ಎಲ್ಲಿಂದ ತರೋಣ?

ಆದುದರಿಂದ ಅಯಾನುಮಾಪಕವು ಬಲವನ್ನು ಅಳೆಯುವ ಗೋಜಿಗೇ ಹೋಗುವುದಿಲ್ಲ. ಅದರಲ್ಲಿ ಕಾದ ತಂತುವಿನಿಂದ ಹೊರಟ ಎಲೆಕ್ಟ್ರಾನುಗಳು ಧನವಿಭವದ ಜಾಲರಿಯೆಡೆಗೆ ಧಾವಿಸುತ್ತ, ದಾರಿಯಲ್ಲಿ ಸಿಕ್ಕ ಕೆಲವು ಅಣುಗಳನ್ನು ತಾಕಿ ಅಯಾನುಗಳನ್ನಾಗಿ ಮಾಡುತ್ತವೆ. ಋಣವಿಭವದ ಸಂಗ್ರಾಹಕವು ಆ ಅಯಾನುಗಳನ್ನು ಸೆಳೆದುಕೊಂಡಾಗ ಅತ್ಯಲ್ಪ ವಿದ್ಯುತ್ಪ್ರವಾಹ ಹರಿಯುತ್ತದೆ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪ್ರವಾಹವು ಪ್ರತ್ಯಕ್ಷ, ಒತ್ತಡವು ಅನುಮಾನ. ಹೀಲಿಯಮ್ ಅಷ್ಟು ಸುಲಭವಾಗಿ ಅಯಾನಾಗದು. ಹಾಗಾಗಿ ನೈಟ್ರೊಜನ್ನಿಗೆ ಹೊಂದಿಸಿದ ಮಾಪಕವು ಹೀಲಿಯಮಿನ ಒತ್ತಡವನ್ನು ನಿಜವಾದುದರ ಸುಮಾರು ಐದರಲ್ಲೊಂದು ಪಾಲೆಂದು ತೋರಿಸುತ್ತದೆ!

ಅನುಮಾನವು ದಾರಿ ತಪ್ಪಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿಯೇ ನಿದರ್ಶನವಿದೆ. 1940ರ ದಶಕದಲ್ಲಿ ಪಂಪುಗಳನ್ನು ಎಷ್ಟು ಉತ್ತಮಪಡಿಸಿದರೂ ಮಾಪಕವು ಮೇಲೆ ಹೇಳಿದ ಹತ್ತು ಕೋಟಿಯಲ್ಲೊಂದು ಪಾಲಿನ ಬಳಿಯೇ ನಿಂತುಬಿಡುತ್ತಿತ್ತು. ತಪ್ಪು ಪಂಪಿನದಲ್ಲ, ಮಾಪಕದ್ದೇ ಇರಬಹುದೆಂದು ಅಮೆರಿಕದ ವೇಯ್ನ್ ನಾಟಿಂಗ್‌ಹ್ಯಾಮ್ 1947ರಲ್ಲಿ ಸೂಚಿಸಿದರು. ಜಾಲರಿಗೆ ಬಡಿದ ಎಲೆಕ್ಟ್ರಾನುಗಳು ಮೃದುವಾದ ಕ್ಷ-ಕಿರಣಗಳನ್ನು ಹುಟ್ಟಿಸುತ್ತವೆ. ಆ ಕಿರಣಗಳು ಸಂಗ್ರಾಹಕಕ್ಕೆ ತಾಕಿ ಅಲ್ಲಿಂದ ಎಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಧನ ಅಯಾನು ಒಳಬಂದರೂ ಎಲೆಕ್ಟ್ರಾನು ಹೊರಹೋದರೂ ಪ್ರವಾಹಮಾಪಕಕ್ಕೆ ಎರಡೂ ಒಂದೇ. ಅಣುಗಳೇ ಇಲ್ಲದಿದ್ದರೂ ಈ ಪ್ರವಾಹ ಹರಿಯುತ್ತಲೇ ಇರುತ್ತದೆ. 1950ರಲ್ಲಿ ಬೇಯರ್ಡ್ ಮತ್ತು ಆಲ್ಪರ್ಟ್ ಎಂಬವರು ತಂತುವನ್ನು ಜಾಲರಿಯ ಹೊರಗಿಟ್ಟು, ಅಗಲವಾದ ಸಂಗ್ರಾಹಕದ ಬದಲು ಜಾಲರಿಯ ನಡುವೆ ನವುರಾದ ಒಂದು ತಂತಿಯನ್ನು ನಿಲ್ಲಿಸಿದರು. ತಂತಿಗೆ ತಾಕುವ ಕಿರಣಗಳು ತೀರ ಕಡಿಮೆಯಾದವು. ಹಿಂದಿನದಕ್ಕಿಂತ ನೂರು ಪಾಲಿಗೂ ಕಡಿಮೆಯಾದ ಒತ್ತಡವನ್ನು ಓದುವುದು ಆಗ ಸಾಧ್ಯವಾಯಿತು. ಪಾಪ, ಪಂಪು ನಿರಪರಾಧಿ!

ನಮ್ಮ ಕಾಲೇಜುಗಳಲ್ಲಾದರೋ ಮಾಪಕ ತೋರಿದ ಅಂಕೆಯನ್ನು ಹಾಗೆಯೇ ದಾಖಲೆ ಪುಸ್ತಕಕ್ಕೆ ಇಳಿಸುವುದೇ ಪ್ರಯೋಗವೆನಿಸಿದೆ. ಪರೀಕ್ಷಕರು ದಶಾಂಶಬಿಂದುವನ್ನು ನೋಡುವರು. ಅನಿಲ ಯಾವುದೆಂದು ಕೇಳರು. ಅಂಕೆಯ ಪಕ್ಕದಲ್ಲಿ ಅನಿಲದ ಹೆಸರನ್ನೂ, ಆ ಮಾಪಕವನ್ನು ಯಾವ ಮಿತಿಯವರೆಗೆ ನಂಬಬಹುದೆಂಬುದನ್ನೂ ಬರೆಯದವರಿಗೆ ಪೂರ್ಣಾಂಕ ಸಲ್ಲದೆಂದು ನನ್ನ ಅಭಿಪ್ರಾಯ. ಅಯಾನುಮಾಪಕ ದುಬಾರಿ, ನಮ್ಮಲ್ಲಿ ಅದು ಎಲ್ಲಿದೆ ಎನ್ನುವವರುಂಟು. ಇದಕ್ಕೆ ಅದೇ ಆಗಬೇಕೆಂದಿಲ್ಲ. ಸಾಧಾರಣ ಪಿರಾನಿ ಮಾಪಕವೂ ಅಳೆಯುವುದು ಬಲವನ್ನಲ್ಲ, ಕಾದ ತಂತಿಯಿಂದ ಅನಿಲವು ಒಯ್ಯುವ ಶಾಖವನ್ನು. ಅದೇ ಒತ್ತಡದಲ್ಲಿ ಗಾಳಿಯ ಬದಲು ಹೈಡ್ರೊಜನ್ ಇದ್ದರೆ ಅದರ ಮುಳ್ಳು ಯಾವ ಕಡೆಗೆ ಸರಿಯುವುದೆಂದು ಪರೀಕ್ಷಕರು ಕೇಳಲಿ.