ಅಂಧ ವಿದ್ಯಾರ್ಥಿಗಳೂ ದಂತಧಾವನವೂ

ಅಂಧ ಬಾಲಕರ ವಿದ್ಯಾಭ್ಯಾಸವೆಂದೊಡನೆ ನಾಡಿನ ಜನರ ನೆನಪಿಗೆ ಬರುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು ಹಾಕಿಕೊಟ್ಟ ಆ ಪರಂಪರೆಯನ್ನು, 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಪುಟ್ಟರಾಜ ಗವಾಯಿಗಳು 2010ರವರೆಗೂ ನಡೆಸಿದರು. ಗುರುಶಿಷ್ಯರಿಬ್ಬರೂ ಅಂಧರು. ಕಿವಿ ಮತ್ತು ಬೆರಳುಗಳ ದ್ವಾರಾ ಎಂಥ ಸೂಕ್ಷ್ಮ ವಿದ್ಯೆಯನ್ನಾದರೂ ಕಲಿಸಬಹುದೆಂಬುದು ಅಲ್ಲಿ ಸಿದ್ಧವಾದ ಸಂಗತಿ. ಹೀಗಿರಲು, ಅಂಧರಿಗೆ ತಬಲಾ, ಹಾರ್ಮೋನಿಯಂ, ಬ್ರೈಲ್ ಲಿಪಿಗಳನ್ನು ಕಲಿಸಬಲ್ಲ ಶಿಕ್ಷಕವರ್ಗವು ಹಲ್ಲುಜ್ಜುವುದನ್ನು ಕಲಿಸುವಲ್ಲಿ ಮಾತ್ರ ಉದಾಸೀನವಾಗುವುದೇಕೆ?

ಕಣ್ಣುಳ್ಳ ಮಗು ಈ ಕೆಲಸವನ್ನು ಬಚ್ಚಲಲ್ಲಿ ಅಣ್ಣನನ್ನೋ ತಂದೆಯನ್ನೋ ನೋಡಿ ಕಲಿಯುತ್ತದೆ. ಕನ್ನಡಿಯಲ್ಲಿ ಕೊಳೆ ಕಾಣುತ್ತದೆ. ಉಗುಳಿನಲ್ಲಿ ರಕ್ತ ಕಂಡರೆ ಹೆದರಿ ಹಿರಿಯರಿಗೆ ಹೇಳುತ್ತದೆ. ಅಂಧ ಮಗುವಿಗೆ ಈ ಮೂರೂ ಇಲ್ಲ. ಅದಕ್ಕೆ "ಚೆನ್ನಾಗಿ ಉಜ್ಜಿಕೋ" ಎಂದಷ್ಟೇ ಹೇಳುವುದು ವರ್ಣಮಾಲೆಯನ್ನರಿಯದವನಿಗೆ ಕಾವ್ಯವನ್ನು ಓದೆಂದಂತೆ. ಇನ್ನು ಕೆಲವೆಡೆ ಕರುಣೆಯೇ ವಿಘ್ನವಾಗುತ್ತದೆ. ಬ್ರಷ್ಷಿಗೆ ಪೇಸ್ಟು ಹಚ್ಚಿ ಕೈಗೆ ಕೊಡುವವರು ಸಿದ್ಧರಿರುತ್ತಾರೆ. ಹದಿನಾರರ ತರುಣನೂ ಅದಕ್ಕಾಗಿ ಕಾದು ನಿಲ್ಲುತ್ತಾನೆ. ಇಂಥ ಕರುಣೆಗಿಂತ ಕೊಂಚ ನಿಷ್ಠುರತೆಯೇ ಲೇಸು. ಬಟಾಣಿ ಕಾಳಿನಷ್ಟು ಪೇಸ್ಟನ್ನು ಬೆರಳ ತುದಿಗೆ ಹಿಂಡಿಕೊಂಡು ಹಲ್ಲಿಗೆ ಸವರಿಕೊಂಡರಾಯಿತು. ತನ್ನ ಬ್ರಷ್ಷನ್ನು ಗುರುತಿಸಲು ಹಿಡಿಗೆ ಸುತ್ತಿದ ದಾರದ ಗಂಟು ಸಾಕು.

ಬೆಳಗಾವಿಯ ದಂತವೈದ್ಯರು 2012ರಲ್ಲಿ ಪ್ರಕಟಿಸಿದ ಕ್ರಮವೊಂದುಂಟು: ಮೊದಲು ಹೇಳುವುದು, ಬಳಿಕ ಮುಟ್ಟಿಸುವುದು, ಕೊನೆಗೆ ಮಾಡಿಸುವುದು. ಮಗುವು ತನ್ನ ಹಲ್ಲುಗಳ ಮೇಲೆ ನಾಲಗೆಯಾಡಿಸಿ ಜಿಗುಟನ್ನು ಅರಿಯುತ್ತದೆ. ಹಲ್ಲಿನ ಮಾದರಿಯ ಮೇಲೆ ಕೈಯಾಡಿಸಿ ಬ್ರಷ್ಷಿನ ಚಲನೆಯನ್ನು ಕಲಿತು, ತನ್ನ ಬಾಯಲ್ಲಿ ಅದನ್ನೇ ಪ್ರಯೋಗಿಸಿ, ಮತ್ತೆ ನಾಲಗೆಯಿಂದ ಪರೀಕ್ಷಿಸಿಕೊಳ್ಳುತ್ತದೆ. ನಾಲಗೆಯೇ ಇಲ್ಲಿ ಕನ್ನಡಿ. ಒಸಡಿನ ರಕ್ತವನ್ನು ಉಪ್ಪುಪ್ಪಾದ ರುಚಿಯಿಂದ ಗುರುತಿಸಲು ಹೇಳಿಕೊಡಬೇಕು. ಅದು ಒಸಡಿನ ರೋಗದ ಮುನ್ಸೂಚನೆ.

ಸಂಗೀತ ಕಲಿಯುವ ಮಕ್ಕಳಿಗಂತೂ ಇದು ಇನ್ನೂ ಸುಲಭ. ಮೇಲಿನ ಸಾಲು, ಕೆಳಗಿನ ಸಾಲುಗಳನ್ನು ಎಡ, ಬಲ, ಮುಂಭಾಗಗಳೆಂದು ವಿಂಗಡಿಸಿದರೆ ಆರು. ಒಳಮೈ ಹೊರಮೈ ಸೇರಿ ಹನ್ನೆರಡು. ಒಂದೊಂದಕ್ಕೆ ತೀನತಾಲದ 16 ಮಾತ್ರೆಗಳ ಒಂದು ಆವರ್ತ. ಆವರ್ತಕ್ಕೆ ಹತ್ತು ಸೆಕೆಂಡು ಹಿಡಿದರೆ ವೈದ್ಯರು ವಿಧಿಸುವ ಎರಡು ನಿಮಿಷ ತಾನಾಗಿ ತುಂಬುತ್ತದೆ. ಅಗಿಯುವ ಮೇಲ್ಮೈಗೆ ಇನ್ನೆರಡು ಆವರ್ತ ಹೆಚ್ಚಾದರೆ ನಷ್ಟವೇನಿಲ್ಲ.

ವೈಯಾಕರಣರು ತವರ್ಗವನ್ನು ದಂತ್ಯವೆಂದು ಕರೆದುದು ಅಲಂಕಾರಕ್ಕಲ್ಲ. ಮುಂದಿನ ಹಲ್ಲು ಹೋದವನ ಸಕಾರದಲ್ಲಿ ಗಾಳಿ ಸೋರುತ್ತದೆ. ತಕಾರ ದಕಾರಗಳು ಮೊಂಡಾಗುತ್ತವೆ. ಗಾಯನ, ಕೀರ್ತನ, ಪ್ರವಚನಗಳಿಂದ ಬದುಕು ಕಟ್ಟಿಕೊಳ್ಳಬೇಕಾದ ಅಂಧ ತರುಣನಿಗೆ ಬಾಯಿಯೇ ಬಂಡವಾಳ. ಅದು ನಲವತ್ತಕ್ಕೇ ಸವೆದರೆ, ಗುರುಗಳು ತಿದ್ದಿ ತೀಡಿದ ಉಚ್ಚಾರಣೆಯ ಗತಿಯೇನು?

ಕಟ್ಟಡಕ್ಕೆ ಕೊಟ್ಟವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ. ದವಡೆಯ ಮಾದರಿಗೆ ಕೊಟ್ಟವರ ಹೆಸರು ಎಲ್ಲಿಯೂ ಕಾಣದು. ಆದರೂ ದಾನಿಗಳು ಅದನ್ನೊಂದು ಕೊಡಿಸಲಿ. ಶಿಕ್ಷಕರು ಪಾಠಕ್ಕೆ ತೊಡಗುವ ಮುನ್ನ ಕಣ್ಣಿಗೆ ವಸ್ತ್ರ ಕಟ್ಟಿಕೊಂಡು ತಾವೇ ಒಮ್ಮೆ ಹಲ್ಲುಜ್ಜಿ ನೋಡಲಿ. ಒಳಮಗ್ಗುಲಿನಲ್ಲಿ ಎಷ್ಟು ಹಲ್ಲು ತಪ್ಪಿಹೋದವೆಂಬುದನ್ನು ಅವರ ನಾಲಗೆಯೇ ಹೇಳೀತು.